ಪಿಯು ಉಪನ್ಯಾಸಕ ಹುದ್ದೆಯೋ, ಕೇಂದ್ರೀಯ ವಿದ್ಯಾಲಯದ ಪಿಜಿಟಿಯೋ: ಊರಿನೊಂದಿಗೆ ಬದಲಾಗುವ ಸಂಬಳದ ಹೋಲಿಕೆ

ಸ್ನಾತಕೋತ್ತರ ಪದವಿ ಮತ್ತು ಬಿ.ಇಡಿ ಮುಗಿಸಿ ಹನ್ನೊಂದು, ಹನ್ನೆರಡನೆಯ ತರಗತಿಗಳಿಗೆ ಪಾಠ ಹೇಳಬೇಕೆಂದಿರುವ ಕರ್ನಾಟಕದ ಅಭ್ಯರ್ಥಿಯ ಮುಂದೆ ಎರಡು ದೊಡ್ಡ ದಾರಿಗಳಿವೆ. ಒಂದು, ರಾಜ್ಯ ಸರ್ಕಾರದ ಪದವಿಪೂರ್ವ ಕಾಲೇಜಿನ ಉಪನ್ಯಾಸಕ ಹುದ್ದೆ. ಇನ್ನೊಂದು, ಕೇಂದ್ರೀಯ ವಿದ್ಯಾಲಯ ಅಥವಾ ನವೋದಯ ವಿದ್ಯಾಲಯದ ಸ್ನಾತಕೋತ್ತರ ಶಿಕ್ಷಕ ಹುದ್ದೆ, ಅಂದರೆ ಎಲ್ಲರ ಬಾಯಲ್ಲಿರುವ ಪಿಜಿಟಿ. ಎರಡರಲ್ಲಿ ಯಾವುದಕ್ಕೆ ಸಂಬಳ ಹೆಚ್ಚು ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ‘ಕೇಂದ್ರದ್ದು’ ಎಂಬುದು. ಈ ಉತ್ತರ ಪ್ರೌಢಶಾಲೆಯ ಮಟ್ಟದಲ್ಲಿ ನಿಜ. ಪದವಿಪೂರ್ವ ಮಟ್ಟದಲ್ಲಿ ಮಾತ್ರ ಅದು ನೀವು ಯಾವ ಊರಿನಲ್ಲಿ ಕೆಲಸ ಮಾಡುತ್ತೀರಿ, ಎಷ್ಟು ವರ್ಷದ ಲೆಕ್ಕ ಹಾಕುತ್ತೀರಿ ಎಂಬ ಎರಡು ಸಂಗತಿಗಳ ಮೇಲೆ ನಿಂತಿದೆ. ಬೆಂಗಳೂರಿನಲ್ಲಿ ಬರುವ ಉತ್ತರ ಮೈಸೂರಿನಲ್ಲಿ ತಲೆಕೆಳಗಾಗುತ್ತದೆ. ಆ ಲೆಕ್ಕವನ್ನು ಅಂಕಿಗಳ ಸಮೇತ ಬಿಡಿಸಿಟ್ಟು, ಗಡಿಯಾಚೆಯ ಕಾಸರಗೋಡು ಮತ್ತು ಮಹಾರಾಷ್ಟ್ರದ ಕನ್ನಡ ಶಾಲೆಗಳಿಗೆ ಅರ್ಜಿ ಹಾಕುವವರಿಗೂ ನೆರವಾಗುವಂತೆ ಈ ಹೋಲಿಕೆಯನ್ನು ಬರೆದಿದ್ದೇನೆ.

ಮೂಲ ವೇತನವನ್ನಷ್ಟೇ ನೋಡಿದರೆ ಮೋಸ ಹೋಗುತ್ತೀರಿ

ನೇಮಕಾತಿ ಅಧಿಸೂಚನೆಯಲ್ಲಿ ದೊಡ್ಡದಾಗಿ ಕಾಣುವುದು ವೇತನ ಶ್ರೇಣಿ. ಕರ್ನಾಟಕದಲ್ಲಿ ಕೆ. ಸುಧಾಕರ ರಾವ್ ಅಧ್ಯಕ್ಷತೆಯ 7ನೇ ರಾಜ್ಯ ವೇತನ ಆಯೋಗದ ಶಿಫಾರಸುಗಳು 2024ರ ಆಗಸ್ಟ್ 1ರಿಂದ ಜಾರಿಗೆ ಬಂದವು. ಆಗ ರಾಜ್ಯ ನೌಕರರ ಕನಿಷ್ಠ ಮೂಲ ವೇತನ 17,000ದಿಂದ 27,000 ರೂಪಾಯಿಗೆ ಏರಿತು. ಪಿಯು ಉಪನ್ಯಾಸಕರ ಶ್ರೇಣಿ 43,100-83,900 ಇದ್ದದ್ದು 69,250-1,34,200 ಆಯಿತು. ಪ್ರೌಢಶಾಲಾ ಸಹ ಶಿಕ್ಷಕರದು 33,450-62,600 ಇದ್ದದ್ದು 54,175-99,400 ಆಯಿತು. ಕೇಂದ್ರದ ಕಡೆ 2016ರ ಜನವರಿ 1ರಿಂದ ಅನ್ವಯವಾದ 7ನೇ ಕೇಂದ್ರ ವೇತನ ಆಯೋಗದ ಪಟ್ಟಿಯಂತೆ ಪಿಜಿಟಿಗೆ 8ನೇ ಹಂತದ 47,600, ಪ್ರೌಢಶಾಲಾ ಮಟ್ಟದ ಪದವೀಧರ ಶಿಕ್ಷಕರಾದ ಟಿಜಿಟಿಗೆ 7ನೇ ಹಂತದ 44,900 ರೂಪಾಯಿ ಆರಂಭಿಕ ಮೂಲ ವೇತನವಿದೆ.

69,250 ಮತ್ತು 47,600 ಎಂಬ ಎರಡು ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿಟ್ಟವರು ರಾಜ್ಯದ ಹುದ್ದೆಯೇ ಬಹಳ ಮುಂದಿದೆ ಎಂದುಕೊಳ್ಳುವುದು ಸಹಜ. ಆದರೆ ಇವು ಬೇರೆ ಬೇರೆ ಕಾಲದ ಸಂಖ್ಯೆಗಳು. ರಾಜ್ಯದ ಆಯೋಗ ತನ್ನ ಕಾಲದವರೆಗಿನ 31 ಶೇಕಡಾ ತುಟ್ಟಿಭತ್ಯೆಯನ್ನು ಮೂಲ ವೇತನದೊಳಗೆ ಸೇರಿಸಿ, ಅದರ ಮೇಲೆ 27.5 ಶೇಕಡಾ ಹೆಚ್ಚಳ ಕೊಟ್ಟಿತು. ಕೇಂದ್ರದ ಪಟ್ಟಿಯಾದರೋ 2016ರಲ್ಲಿ ನಿಂತಿದ್ದು, ಅಲ್ಲಿಂದೀಚೆಗಿನ ಬೆಲೆಯೇರಿಕೆಯನ್ನೆಲ್ಲ ತುಟ್ಟಿಭತ್ಯೆಯ ರೂಪದಲ್ಲಿ ಹೊರಗಿನಿಂದಲೇ ಕೊಡುತ್ತಾ ಬಂದಿದೆ. ಹೀಗಾಗಿ 2025ರ ಜುಲೈ 1ರಿಂದ ಅನ್ವಯವಾದ ದರಗಳನ್ನು ತೆಗೆದುಕೊಂಡರೆ ಕೇಂದ್ರದ ತುಟ್ಟಿಭತ್ಯೆ 58 ಶೇಕಡಾ, ಕರ್ನಾಟಕದ್ದು 14.25 ಶೇಕಡಾ. ಇವನ್ನು ಕೂಡಿಸಿದಾಗ ರಾಜ್ಯದ ಉಪನ್ಯಾಸಕರಿಗೆ 79,118, ಪಿಜಿಟಿಗೆ 75,208 ರೂಪಾಯಿ ಬರುತ್ತದೆ. ಸುಮಾರು ಇಪ್ಪತ್ತೆರಡು ಸಾವಿರದಷ್ಟು ಕಂಡಿದ್ದ ಅಂತರ ನಾಲ್ಕು ಸಾವಿರದೊಳಗೆ ಇಳಿಯಿತು. ಮುಂದಿನ ಎಲ್ಲ ಲೆಕ್ಕಕ್ಕೂ ಈ 2025ರ ಜುಲೈ ದರಗಳನ್ನೇ ಬಳಸಿದ್ದೇನೆ. ತುಟ್ಟಿಭತ್ಯೆ ವರ್ಷಕ್ಕೆ ಎರಡು ಬಾರಿ ಬದಲಾಗುವುದರಿಂದ ಓದುವ ಹೊತ್ತಿನ ದರವನ್ನು ಹಾಕಿ ಮತ್ತೆ ಲೆಕ್ಕ ಮಾಡಿಕೊಳ್ಳಬೇಕು.

ಊರು ಸಂಬಳದೊಳಗೆ ಬರುವ ಬಗೆ

ಇಲ್ಲಿಯವರೆಗಿನ ಮೊತ್ತ ಬೀದರಿನಲ್ಲಿದ್ದರೂ ಬೆಂಗಳೂರಿನಲ್ಲಿದ್ದರೂ ಒಂದೇ. ಊರಿನಿಂದ ಊರಿಗೆ ವ್ಯತ್ಯಾಸ ತರುವುದು ಮುಖ್ಯವಾಗಿ ಮನೆ ಬಾಡಿಗೆ ಭತ್ಯೆ. ಕರ್ನಾಟಕ ಸರ್ಕಾರ ಜನಸಂಖ್ಯೆಯ ಆಧಾರದಲ್ಲಿ ಊರುಗಳನ್ನು ಮೂರು ವರ್ಗವಾಗಿ ವಿಂಗಡಿಸಿದೆ: 25 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನರಿರುವಲ್ಲಿ ಮೂಲ ವೇತನದ 20 ಶೇಕಡಾ, 5ರಿಂದ 25 ಲಕ್ಷದವರೆಗಿನ ನಗರಗಳಲ್ಲಿ 15 ಶೇಕಡಾ, ಉಳಿದೆಲ್ಲ ಕಡೆ 7.5 ಶೇಕಡಾ. ಮೊದಲ ವರ್ಗದಲ್ಲಿ ಬೆಂಗಳೂರು ಒಂದೇ ಇದೆ. ಎರಡನೆಯದರಲ್ಲಿ ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ ಮತ್ತು ಕಲಬುರಗಿ ಬರುತ್ತವೆ. ದಾವಣಗೆರೆ, ಬಳ್ಳಾರಿ, ಶಿವಮೊಗ್ಗ, ವಿಜಯಪುರ, ತುಮಕೂರಿನಂಥ ದೊಡ್ಡ ಪಟ್ಟಣಗಳು, ಹಳ್ಳಿಗಳ ಜೊತೆಯಲ್ಲೇ, ಕೊನೆಯ ವರ್ಗದಲ್ಲಿವೆ. ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ ಹಿಂದಿನ ಪರಿಷ್ಕರಣೆಯಲ್ಲಿ ಈ ದರಗಳು 24, 16 ಮತ್ತು 8 ಇದ್ದವು. ಮೂಲ ವೇತನ ಏರಿದ ಕಾರಣ ಶೇಕಡಾವಾರು ಇಳಿಸಿದರೂ ಕೈಗೆ ಬರುವ ಮೊತ್ತ ಹೆಚ್ಚೇ ಆಯಿತು.

ಕೇಂದ್ರದಲ್ಲಿಯೂ ಮೂರೇ ವರ್ಗ, ಕರ್ನಾಟಕದ ಊರುಗಳ ಹಂಚಿಕೆಯೂ ಹೀಗೆಯೇ ಇದೆ. ಆದರೆ ದರ ಬೇರೆ. ತುಟ್ಟಿಭತ್ಯೆ 50 ಶೇಕಡಾ ಮುಟ್ಟಿದ 2024ರ ಜನವರಿಯಿಂದ ಅದು 30, 20 ಮತ್ತು 10 ಶೇಕಡಾ ಆಗಿದೆ. ಇದರ ಮೇಲೆ ಕೇಂದ್ರ ಸಾರಿಗೆ ಭತ್ಯೆಯನ್ನೂ ಕೊಡುತ್ತದೆ. ಪಿಜಿಟಿ ಇರುವ ಹಂತಕ್ಕೆ ಅದು ಬೆಂಗಳೂರಿನಲ್ಲಿ 3,600, ರಾಜ್ಯದ ಉಳಿದ ಕಡೆ 1,800 ರೂಪಾಯಿ, ಮತ್ತು ಈ ಮೊತ್ತದ ಮೇಲೂ ತುಟ್ಟಿಭತ್ಯೆ ಸೇರುತ್ತದೆ. ಹಾಗಾಗಿ 2025ರ ಜುಲೈ ದರದಲ್ಲಿ ಬೆಂಗಳೂರಿಗೆ 5,688, ಉಳಿದ ಊರುಗಳಿಗೆ 2,844. ರಾಜ್ಯದಲ್ಲಿ ದೊಡ್ಡ ನಗರಗಳಿಗೆ ನಗರ ಪರಿಹಾರ ಭತ್ಯೆ ಇದ್ದರೂ ಅದು ಕೆಲವು ನೂರು ರೂಪಾಯಿಗಳ ಬಾಬತ್ತಾದ್ದರಿಂದ ಇಲ್ಲಿನ ಲೆಕ್ಕದಿಂದ ಬಿಟ್ಟಿದ್ದೇನೆ.

ಈಗ ಹೊಸದಾಗಿ ಸೇರಿದವರ ತಿಂಗಳ ಒಟ್ಟು ಸಂಬಳವನ್ನು ಊರುವಾರು ನೋಡೋಣ. ಇವೆಲ್ಲ ಕಡಿತಗಳಿಗೆ ಮೊದಲಿನ ಮೊತ್ತಗಳು.

ಬೆಂಗಳೂರಿನಲ್ಲಿ ಪಿಯು ಉಪನ್ಯಾಸಕರಿಗೆ 13,850 ರೂಪಾಯಿ ಮನೆ ಬಾಡಿಗೆ ಭತ್ಯೆ ಸೇರಿ 92,968 ಆಗುತ್ತದೆ. ಪಿಜಿಟಿಗೆ 14,280 ರೂಪಾಯಿ ಬಾಡಿಗೆ ಭತ್ಯೆ ಮತ್ತು ಸಾರಿಗೆ ಭತ್ಯೆ ಸೇರಿ 95,176. ಇಲ್ಲಿ ಕೇಂದ್ರದ ಹುದ್ದೆ 2,208 ರೂಪಾಯಿ ಮುಂದಿದೆ. ಮೈಸೂರು ಅಥವಾ ಕಲಬುರಗಿಯಲ್ಲಿ ಉಪನ್ಯಾಸಕರಿಗೆ 89,506, ಪಿಜಿಟಿಗೆ 87,572; ರಾಜ್ಯದ ಹುದ್ದೆ 1,934 ರೂಪಾಯಿ ಮುಂದಾಯಿತು. ಶಿರಸಿ, ಹಾಸನ, ಬಳ್ಳಾರಿಯಂಥ ಕೊನೆಯ ವರ್ಗದ ಊರುಗಳಲ್ಲಿ ಉಪನ್ಯಾಸಕರಿಗೆ 84,312, ಪಿಜಿಟಿಗೆ 82,812. ಇಲ್ಲಿಯೂ 1,500 ರೂಪಾಯಿಯಷ್ಟು ರಾಜ್ಯವೇ ಹೆಚ್ಚು ಕೊಡುತ್ತದೆ. ಕೇಂದ್ರದ ಸಂಬಳ ಊರಿನೊಂದಿಗೆ ಹೆಚ್ಚು ಏರಿಳಿಯುತ್ತದೆ. ಬೆಂಗಳೂರಿನಿಂದ ಸಣ್ಣ ಊರಿಗೆ ಹೋದ ಪಿಜಿಟಿ 12,364 ರೂಪಾಯಿ ಕಳೆದುಕೊಂಡರೆ, ಉಪನ್ಯಾಸಕರು ಕಳೆದುಕೊಳ್ಳುವುದು 8,656. ಊರು ಬದಲಾದರೆ ಉತ್ತರವೂ ಬದಲಾಗುತ್ತದೆ ಎಂದು ಆರಂಭದಲ್ಲಿ ಹೇಳಿದ್ದು ಇದೇ ಕಾರಣಕ್ಕೆ.

ಪ್ರೌಢಶಾಲೆಯ ಮಟ್ಟದಲ್ಲಿ ಇಂಥ ಅನುಮಾನಕ್ಕೆ ಎಡೆಯಿಲ್ಲ. ರಾಜ್ಯದ ಸಹ ಶಿಕ್ಷಕರಿಗೆ ಬೆಂಗಳೂರಿನಲ್ಲಿ 72,730 ಬಂದರೆ ಟಿಜಿಟಿಗೆ 90,100. ಸಣ್ಣ ಊರಿನಲ್ಲಿ 65,958ಕ್ಕೆ ಎದುರಾಗಿ 78,276. ಎಲ್ಲಿದ್ದರೂ ಹನ್ನೆರಡು ಸಾವಿರಕ್ಕೂ ಹೆಚ್ಚಿನ ಅಂತರ. ಇದಕ್ಕೆ ಕಾರಣ ಎರಡು ಸರ್ಕಾರಗಳೂ ಪ್ರೌಢಶಾಲೆ ಮತ್ತು ಪದವಿಪೂರ್ವ ಮಟ್ಟಗಳ ನಡುವೆ ಇಟ್ಟಿರುವ ಅಂತರ. ಕೇಂದ್ರದಲ್ಲಿ ಟಿಜಿಟಿಯಿಂದ ಪಿಜಿಟಿಗೆ ಮೂಲ ವೇತನದ ವ್ಯತ್ಯಾಸ 2,700 ರೂಪಾಯಿ ಮಾತ್ರ. ಕರ್ನಾಟಕದಲ್ಲಿ ಸಹ ಶಿಕ್ಷಕರಿಂದ ಉಪನ್ಯಾಸಕರಿಗೆ 15,075. ಆದ್ದರಿಂದ ಸ್ನಾತಕೋತ್ತರ ಪದವಿ ಇದ್ದೂ ರಾಜ್ಯದ ಪ್ರೌಢಶಾಲೆಗೆ ಸೇರುವವರು ಸೇರಿದ ಮೇಲೆಯೂ ಉಪನ್ಯಾಸಕ ಹುದ್ದೆಯ ಪರೀಕ್ಷೆಯನ್ನು ಬರೆಯುತ್ತಲೇ ಇರಬೇಕೆಂದು ನಾನು ಒತ್ತಿ ಹೇಳುತ್ತೇನೆ. ಟಿಜಿಟಿ ಆಗಿರುವವರಿಗೆ ಸಂಬಳದ ಮಟ್ಟಿಗೆ ಆ ಅವಸರ ಅಷ್ಟಾಗಿ ಇಲ್ಲ.

ಎಂಟು ವರ್ಷಗಳ ಬಳಿಕ

ಸೇರಿದ ದಿನದ ಸಂಬಳವನ್ನು ಮಾತ್ರ ಹೋಲಿಸಿ ತೀರ್ಮಾನಕ್ಕೆ ಬರುವವರು ಒಂದು ಮುಖ್ಯ ಸಂಗತಿಯನ್ನು ಬಿಟ್ಟುಬಿಡುತ್ತಾರೆ. ಅದು ವಾರ್ಷಿಕ ವೇತನ ಬಡ್ತಿ. ಕೇಂದ್ರದಲ್ಲಿ ಅದು ಮೂಲ ವೇತನದ 3 ಶೇಕಡಾ. ಕರ್ನಾಟಕದಲ್ಲಿ ಅದು ಶೇಕಡಾವಾರು ಅಲ್ಲ; ವೇತನ ಶ್ರೇಣಿಯೊಳಗೆ ಮೆಟ್ಟಿಲುಗಳಂತೆ ನಿಗದಿಯಾದ ರೂಪಾಯಿಗಳು. 69,250ರಲ್ಲಿ ಇರುವ ಉಪನ್ಯಾಸಕರಿಗೆ 74,200 ಮುಟ್ಟುವ ತನಕ ವರ್ಷಕ್ಕೆ 1,650, ಆಮೇಲೆ 83,700ರವರೆಗೆ 1,900. ಆರಂಭದಲ್ಲಿ ಇದು ಸುಮಾರು 2.4 ಶೇಕಡಾ ಮಾತ್ರ ಆಗುತ್ತದೆ. ಪಿಜಿಟಿಯ ಮೊದಲ ಬಡ್ತಿ 1,400 ರೂಪಾಯಿಯಾದರೂ ಅದರ ಮೇಲೆ 58 ಶೇಕಡಾ ತುಟ್ಟಿಭತ್ಯೆ ಸೇರಿ 2,212 ಆಗುತ್ತದೆ. ಉಪನ್ಯಾಸಕರ 1,650 ತುಟ್ಟಿಭತ್ಯೆ ಸೇರಿಯೂ 1,885ರಲ್ಲಿ ನಿಲ್ಲುತ್ತದೆ.

ಭತ್ಯೆಗಳ ದರ 2025ರ ಜುಲೈಯಲ್ಲಿ ಇದ್ದಂತೆಯೇ ಇರುತ್ತದೆ ಎಂದು ಇಟ್ಟುಕೊಂಡು ಎಂಟು ಬಡ್ತಿಗಳ ನಂತರದ ಸ್ಥಿತಿಯನ್ನು ನೋಡಿದರೆ, ಉಪನ್ಯಾಸಕರ ಮೂಲ ವೇತನ 83,700, ಪಿಜಿಟಿಯದು 60,400. ತುಟ್ಟಿಭತ್ಯೆ ಸೇರಿದಾಗ ಮೊದಲಿನವರಿಗೆ 95,627, ಎರಡನೆಯವರಿಗೆ 95,432, ಹೆಚ್ಚುಕಡಿಮೆ ಸಮಾನ. ಮನೆ ಬಾಡಿಗೆ ಮತ್ತು ಸಾರಿಗೆ ಭತ್ಯೆಗಳನ್ನು ಕೂಡಿಸಿದರೆ ಸಣ್ಣ ಊರಿನಲ್ಲಿಯೂ ಪಿಜಿಟಿ 1,04,316 ಪಡೆದು 2,411 ರೂಪಾಯಿ ಮುಂದೆ ಹೋಗಿರುತ್ತಾರೆ. ಬೆಂಗಳೂರಿನಲ್ಲಿ ಈ ಅಂತರ 6,873ಕ್ಕೆ ಹಿಗ್ಗುತ್ತದೆ. ಅಂದರೆ ಸಣ್ಣ ಊರಿನಲ್ಲಿ ರಾಜ್ಯದ ಹುದ್ದೆಗೆ ಆರಂಭದಲ್ಲಿ ಇರುವ ಮುನ್ನಡೆ ಎಂಟು ವರ್ಷದೊಳಗೆ ಕರಗುತ್ತದೆ. ಇದರ ಜೊತೆಗೆ ಕೇಂದ್ರೀಯ ವಿದ್ಯಾಲಯದಲ್ಲಿ 12 ವರ್ಷದ ಸೇವೆಯ ಬಳಿಕ ಹಿರಿಯ ಶ್ರೇಣಿ ಸಿಗುತ್ತದೆ. ಪಿಜಿಟಿ 8ನೇ ಹಂತದಿಂದ 9ನೇ ಹಂತಕ್ಕೆ ಏರುತ್ತಾರೆ. ಅದಾಗಿ ಇನ್ನೂ 12 ವರ್ಷಕ್ಕೆ ಆಯ್ಕೆ ಶ್ರೇಣಿಯ 10ನೇ ಹಂತವಿದೆ. ಆದರೆ ಆಯ್ಕೆ ಶ್ರೇಣಿಗೆ ಹುದ್ದೆಗಳ ಮಿತಿ ಇರುವುದರಿಂದ ಅದನ್ನು ಖಚಿತ ಆದಾಯವೆಂದು ಎಣಿಸಬಾರದು. ಶಾಲೆಗೆ ಹೋಗುವ ಇಬ್ಬರು ಮಕ್ಕಳಿರುವ ಕೇಂದ್ರದ ಶಿಕ್ಷಕರಿಗೆ ಮಕ್ಕಳ ಶಿಕ್ಷಣ ಭತ್ಯೆಯಾಗಿ ಮಗುವೊಂದಕ್ಕೆ ತಿಂಗಳಿಗೆ 2,812 ರೂಪಾಯಿ 50 ಪೈಸೆಯ ಲೆಕ್ಕದಲ್ಲಿ ಇನ್ನೂ 5,625 ರೂಪಾಯಿ ಬರುತ್ತದೆ. ಮೂವತ್ತರ ಆಸುಪಾಸಿನಲ್ಲಿ ಸೇರುವವರು ಇದನ್ನು ಮರೆಯಬಾರದು.

ಪಿಂಚಣಿಯ ವಿಚಾರದಲ್ಲಿ ಹೊಸಬರಿಗೆ ಎರಡೂ ಕಡೆ ಹಳೆಯ ವ್ಯವಸ್ಥೆ ಇಲ್ಲ. ಕೇಂದ್ರದಲ್ಲಿ 2004ರ ಜನವರಿ 1ರ ಬಳಿಕ, ಕರ್ನಾಟಕದಲ್ಲಿ 2006ರ ಏಪ್ರಿಲ್ 1ರ ಬಳಿಕ ಸೇರಿದವರು ಎನ್‌ಪಿಎಸ್, ಅಂದರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯ ವ್ಯಾಪ್ತಿಗೆ ಬರುತ್ತಾರೆ. ನಿವೃತ್ತಿ ವಯಸ್ಸು ಎರಡು ಕಡೆಯೂ 60.

ಸಂಬಳ ಹೆಚ್ಚಿದ್ದರೂ ಊರು ನಿಮ್ಮ ಕೈಯಲ್ಲಿರುವುದಿಲ್ಲ

ಮೇಲಿನ ಲೆಕ್ಕ ಓದಿ ಕೇಂದ್ರೀಯ ವಿದ್ಯಾಲಯವೇ ಸರಿ ಎಂದು ತೀರ್ಮಾನಿಸುವ ಮುನ್ನ ಒಂದು ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಿಕೊಳ್ಳಬೇಕು: ಕರ್ನಾಟಕದ ಹೊರಗೆ ಕೆಲವು ವರ್ಷ ಇರಲು ನೀವು ಮತ್ತು ನಿಮ್ಮ ಮನೆಯವರು ಸಿದ್ಧರಿದ್ದೀರಾ? ಕೇಂದ್ರೀಯ ವಿದ್ಯಾಲಯ ಸಂಘಟನೆಯ ಹುದ್ದೆ ಅಖಿಲ ಭಾರತ ವರ್ಗಾವಣೆಗೆ ಒಳಪಟ್ಟದ್ದು. ಮೊದಲ ನೇಮಕ ರಾಜಸ್ಥಾನದಲ್ಲಾಗಬಹುದು, ಅಸ್ಸಾಮಿನಲ್ಲಾಗಬಹುದು. ವಿಜಯಪುರದ ಹುಡುಗಿಗೆ ರಾಜಸ್ಥಾನದ ಬಾರ್ಮೇರಿನಲ್ಲಿ ಕೆಲಸ ಸಿಕ್ಕಾಗ, ಊರಿಗೆ ಬಂದು ಹೋಗುವ ರೈಲು ಖರ್ಚು, ಎರಡು ಮನೆಗಳನ್ನು ನಡೆಸುವ ವೆಚ್ಚ, ವಯಸ್ಸಾದ ತಂದೆತಾಯಿಯರ ಆರೈಕೆಯ ಚಿಂತೆ, ಇವೆಲ್ಲ ಸೇರಿದರೆ ತಿಂಗಳಿಗೆ ಎರಡು ಸಾವಿರದ ಹೆಚ್ಚುವರಿ ಸಂಬಳಕ್ಕೆ ಅರ್ಥವೇ ಇರುವುದಿಲ್ಲ. ಪಾಠದ ಭಾಷೆ ಹಿಂದಿ ಮತ್ತು ಇಂಗ್ಲಿಷ್. ಕನ್ನಡದಲ್ಲಿ ಕಲಿಸುವುದೇ ತನ್ನ ಶಕ್ತಿ ಎಂದು ತಿಳಿದ ಇತಿಹಾಸ, ರಾಜ್ಯಶಾಸ್ತ್ರದ ಉಪನ್ಯಾಸಕರಿಗೆ ಇದು ಸಂಬಳದಷ್ಟೇ ದೊಡ್ಡ ವಿಷಯ. ಕನ್ನಡ ಭಾಷೆಯನ್ನೇ ಐಚ್ಛಿಕವಾಗಿ ಓದಿದವರಿಗಂತೂ ಪಿಯು ಕಾಲೇಜು ಬಿಟ್ಟರೆ ಸಮಾನವಾದ ಅವಕಾಶ ಅಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ನವೋದಯ ವಿದ್ಯಾಲಯದ ಲೆಕ್ಕ ಬೇರೆ, ಮತ್ತು ನನ್ನ ದೃಷ್ಟಿಯಲ್ಲಿ ಅಭ್ಯರ್ಥಿಗಳು ಅದಕ್ಕೆ ಕೊಡಬೇಕಾದಷ್ಟು ಗಮನ ಕೊಡುತ್ತಿಲ್ಲ. ಮೂಲ ವೇತನ ಅದೇ 47,600. ವಸತಿ ಶಾಲೆಯಾದ್ದರಿಂದ ಶಿಕ್ಷಕರಿಗೆ ಮೂಲ ವೇತನದ 10 ಶೇಕಡಾ ವಿಶೇಷ ಭತ್ಯೆ ಇದೆ, ಆವರಣದಲ್ಲಿ ಬಾಡಿಗೆಯಿಲ್ಲದ ಮನೆಯೂ ಇದೆ. ಸಣ್ಣ ಊರಿನ ಕೇಂದ್ರೀಯ ವಿದ್ಯಾಲಯದಲ್ಲಿ ಮನೆ ಬಾಡಿಗೆ ಭತ್ಯೆಯಾಗಿ ಸಿಗುವ 4,760 ರೂಪಾಯಿ ಇಲ್ಲಿ ವಿಶೇಷ ಭತ್ಯೆಯಾಗಿ ಸಿಗುತ್ತದೆ. ಆದರೆ ಅಲ್ಲಿ ಆ ಹಣ ಮನೆ ಮಾಲೀಕರಿಗೆ ಹೋಗುತ್ತದೆ, ಇಲ್ಲಿ ಕೈಯಲ್ಲಿ ಉಳಿಯುತ್ತದೆ. ನವೋದಯಗಳು ಗ್ರಾಮಾಂತರ ಪ್ರದೇಶಗಳಲ್ಲೇ ಇರುವುದರಿಂದ ಖರ್ಚಿನ ದಾರಿಗಳೂ ಕಡಿಮೆ. ಅದಕ್ಕೆ ತೆರುವ ಬೆಲೆ ಸಮಯ: ಪಾಠದ ಹೊತ್ತು ಮುಗಿದ ಮೇಲೂ ಹಾಸ್ಟೆಲಿನ ಮಕ್ಕಳ ಜವಾಬ್ದಾರಿ ಶಿಕ್ಷಕರದ್ದೇ, ಸಂಜೆಯ ಅಭ್ಯಾಸವನ್ನು ನೋಡಿಕೊಳ್ಳಬೇಕು, ಭಾನುವಾರವೂ ಪೂರ್ಣ ಬಿಡುವಲ್ಲ. ಮದುವೆಯಾಗದವರಿಗೆ, ಅಥವಾ ಸಂಗಾತಿಯೂ ಅಲ್ಲಿಯೇ ಕೆಲಸ ಮಾಡುವವರಿಗೆ, ಹಣ ಉಳಿಸಲು ಇದಕ್ಕಿಂತ ಒಳ್ಳೆಯ ಸರ್ಕಾರಿ ಶಿಕ್ಷಕ ಹುದ್ದೆಯನ್ನು ನಾನು ಕಾಣೆ.

ರಾಜ್ಯದ ಹುದ್ದೆಯಲ್ಲಿ ವರ್ಗಾವಣೆ ಎಷ್ಟೇ ತೊಡಕಿನದಾದರೂ ರಾಜ್ಯದ ಗಡಿಯೊಳಗೆ ನಡೆಯುತ್ತದೆ. ಪ್ರೌಢಶಾಲಾ ಶಿಕ್ಷಕರಿಗೆ ಅದನ್ನು ನಿಯಂತ್ರಿಸಲು 2020ರ ಶಿಕ್ಷಕರ ವರ್ಗಾವಣೆ ಕಾಯ್ದೆ ಇದೆ. ಶಾಲೆಗಳನ್ನು ಎ, ಬಿ, ಸಿ ಎಂಬ ವಲಯಗಳಾಗಿ ಹಂಚಿ, ನಗರದಲ್ಲೇ ಬಹುಕಾಲ ಇದ್ದವರನ್ನು ಹೊರಗಿನ ವಲಯಕ್ಕೆ ಕಳುಹಿಸುವ ಉದ್ದೇಶ ಅದರಲ್ಲಿದೆ. ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಬೆಂಗಳೂರಿನಿಂದ ದೇವದುರ್ಗಕ್ಕೋ ಸುರಪುರಕ್ಕೋ ಹೋಗುವ ಶಿಕ್ಷಕರ ಮನೆ ಬಾಡಿಗೆ ಭತ್ಯೆ 20ರಿಂದ 7.5 ಶೇಕಡಾಕ್ಕೆ ಇಳಿಯುತ್ತದೆ. ಬಾಡಿಗೆ ಅಲ್ಲಿ ಕಡಿಮೆ ಎಂಬುದು ಈ ಇಳಿಕೆಗೆ ಇರುವ ಸಮರ್ಥನೆ, ಅದು ಸರಿಯೂ ಹೌದು; ಆದರೆ ಒಳ್ಳೆಯ ಆಸ್ಪತ್ರೆಗೆ, ಮಕ್ಕಳ ಕಾಲೇಜಿಗೆ ದೂರ ಪ್ರಯಾಣ ಮಾಡಬೇಕಾದ ವೆಚ್ಚವನ್ನು ಜನಸಂಖ್ಯೆಯ ಸೂತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸಂವಿಧಾನದ 371ಜೆ ವಿಧಿ ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳಿಗೆ ಆ ಭಾಗದ ಹುದ್ದೆಗಳಲ್ಲಿ ಮೀಸಲಾತಿ ಕೊಟ್ಟಿತು, ಅದರಿಂದ ಸ್ಥಳೀಯರೇ ಶಿಕ್ಷಕರಾಗುವ ಹಾದಿ ತೆರೆಯಿತು. ಆದರೆ ಅನುಭವಿ ಶಿಕ್ಷಕರು ಅಲ್ಲಿ ಉಳಿಯುವಂತೆ ಮಾಡಬೇಕಾದರೆ ಸಂಬಳದ ಸೂತ್ರವೂ ಅವರ ಪರವಾಗಿರಬೇಕು. ಹಿಂದುಳಿದ ತಾಲೂಕಿನಲ್ಲಿ ಹತ್ತು ವರ್ಷ ಕಲಿಸಿದ ಗಣಿತದ ಉಪನ್ಯಾಸಕರು ರಾಜಧಾನಿಯಲ್ಲಿ ಇರುವವರಿಗಿಂತ ಕಡಿಮೆ ಪಡೆಯುವುದು ನ್ಯಾಯವಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಬೆಂಗಳೂರಿನ ವಿಷಯದಲ್ಲಿ ಇದರ ಇನ್ನೊಂದು ಮುಖವನ್ನೂ ನೋಡಬೇಕು. 13,850 ಅಥವಾ 14,280 ರೂಪಾಯಿಗೆ ನಗರದ ಬಹುತೇಕ ಬಡಾವಣೆಗಳಲ್ಲಿ ಎರಡು ಕೋಣೆಯ ಒಳ್ಳೆಯ ಮನೆ ಸಿಗುವುದಿಲ್ಲ. ಮುಂಗಡ ಹಣದ ಹೊರೆ ಬೇರೆ. ಸ್ವಂತ ಮನೆ ಇದ್ದವರಿಗೆ ಬೆಂಗಳೂರಿನ ಭತ್ಯೆ ಪೂರ್ತಿ ಲಾಭ. ಬಾಡಿಗೆಗೆ ಇರುವವರಿಗೆ ಧಾರವಾಡ, ಮೈಸೂರಿನ 15 ಶೇಕಡಾವೇ ಹೆಚ್ಚು ನೆಮ್ಮದಿ ತರುತ್ತದೆ. ಆಯ್ಕೆಯ ಅವಕಾಶ ನಿಜವಾಗಿಯೂ ಇದ್ದರೆ, ಬಾಡಿಗೆ ಮನೆಯ ಉಪನ್ಯಾಸಕರಿಗೆ ನಾನು ಸೂಚಿಸುವುದು ಎರಡನೆಯ ವರ್ಗದ ನಗರಗಳನ್ನೇ.

ಗಡಿಯಾಚೆಯ ಕನ್ನಡ ಶಾಲೆಗಳು

ಕಾಸರಗೋಡಿನ ಕನ್ನಡಿಗರಿಗೆ ಕೇರಳ ಲೋಕಸೇವಾ ಆಯೋಗದ ಮೂಲಕ ಕನ್ನಡ ಮಾಧ್ಯಮದ ಹುದ್ದೆಗಳು ಸಿಗುತ್ತವೆ. ಕೇರಳದ 11ನೇ ವೇತನ ಪರಿಷ್ಕರಣೆ 2019ರ ಜುಲೈಯಿಂದ ಅನ್ವಯವಾಗಿದ್ದು, ಅದರಂತೆ ಹೈಯರ್ ಸೆಕೆಂಡರಿ ಶಿಕ್ಷಕರ ಶ್ರೇಣಿ 55,200-1,15,300. ವಾರದ ಪಿರಿಯಡ್‌ಗಳು ಕಡಿಮೆ ಇರುವ ಕಡೆ ಜೂನಿಯರ್ ಹುದ್ದೆ ಇದ್ದು ಅದರ ಶ್ರೇಣಿ 45,600-95,600. ಪ್ರೌಢಶಾಲೆಯವರದು 41,300-87,000. ಮನೆ ಬಾಡಿಗೆ ಭತ್ಯೆ ಅಲ್ಲಿ ನಗರಪಾಲಿಕೆಯಲ್ಲಿ 10 ಶೇಕಡಾದಿಂದ ಆರಂಭವಾಗಿ ಪಂಚಾಯಿತಿಗಳಲ್ಲಿ 4 ಶೇಕಡಾವರೆಗೆ ಇಳಿಯುತ್ತದೆ. 2025ರ ನವೆಂಬರಿನ ಸಂಬಳದಿಂದ ಕೊಡತೊಡಗಿದ 22 ಶೇಕಡಾ ತುಟ್ಟಿಭತ್ಯೆಯನ್ನು ಹಿಡಿದರೆ, ಪಂಚಾಯಿತಿ ವ್ಯಾಪ್ತಿಯ ಶಾಲೆಯಲ್ಲಿ ಹೊಸದಾಗಿ ಸೇರಿದ ಹೈಯರ್ ಸೆಕೆಂಡರಿ ಶಿಕ್ಷಕರಿಗೆ 69,552 ರೂಪಾಯಿ, ಜೂನಿಯರ್ ಹುದ್ದೆಯವರಿಗೆ 57,456. ತಲಪಾಡಿಯ ಗಡಿ ದಾಟಿ ಬಂಟ್ವಾಳದ ಕಡೆಯ ಸಣ್ಣ ಊರಿನ ಸರ್ಕಾರಿ ಪಿಯು ಕಾಲೇಜಿನಲ್ಲಿ ಇದೇ ಕೆಲಸಕ್ಕೆ 84,312. ಕೆಲವೇ ಗಂಟೆಗಳ ಬಸ್ ಪ್ರಯಾಣದ ಒಳಗೆ ತಿಂಗಳಿಗೆ ಹದಿನಾಲ್ಕು ಸಾವಿರಕ್ಕೂ ಮಿಕ್ಕಿದ ವ್ಯತ್ಯಾಸ.

ಆದರೆ ಈ ಅಂತರ ಶಾಶ್ವತವೆಂದು ಎಣಿಸಬಾರದು. ಕೇರಳ 2004, 2009, 2014, 2019 ಹೀಗೆ ಐದು ವರ್ಷಕ್ಕೊಮ್ಮೆ ವೇತನ ಪರಿಷ್ಕರಿಸುತ್ತಾ ಬಂದಿದ್ದು, ಈ ಸುತ್ತು ತಡವಾದ ಹೊತ್ತಿನಲ್ಲಿ ನಾವು ಅದನ್ನು ಇತ್ತೀಚೆಗಷ್ಟೇ ಪರಿಷ್ಕರಣೆಯಾದ ಕರ್ನಾಟಕದ ವೇತನದೊಂದಿಗೆ ಹೋಲಿಸುತ್ತಿದ್ದೇವೆ. ನಿವೃತ್ತಿಯ ವಯಸ್ಸು ಕೇರಳದಲ್ಲಿ ಹಳಬರಿಗೆ 56, 2013ರ ಏಪ್ರಿಲ್ ಬಳಿಕ ಸೇರಿದವರಿಗೆ 60. ಹಾಗಾಗಿ ಹೊಸಬರಿಗೆ ಸೇವಾವಧಿಯಲ್ಲಿ ನಷ್ಟವಿಲ್ಲ. ಕಾಸರಗೋಡಿನಲ್ಲೇ ಸ್ವಂತ ಮನೆ, ತೋಟ ಇರುವವರು ಸಂಬಳದ ಅಂತರಕ್ಕಾಗಿಯೇ ದಕ್ಷಿಣ ಕನ್ನಡಕ್ಕೆ ಬಂದು ಬಾಡಿಗೆ ಕಟ್ಟುವುದು ಲಾಭದ ವಿಚಾರವಲ್ಲ. ಅದಕ್ಕಿಂತ ಮುಖ್ಯವಾಗಿ, ಅಲ್ಲಿನ ಕನ್ನಡ ಮಾಧ್ಯಮದ ತರಗತಿಗಳು ಕನ್ನಡ ಬಲ್ಲ ಶಿಕ್ಷಕರನ್ನೇ ನಂಬಿ ಉಳಿದಿವೆ. ಅರ್ಹರು ಅರ್ಜಿ ಹಾಕದೆ ಬಿಟ್ಟರೆ ಅದರ ಪರಿಣಾಮವನ್ನು ಅನುಭವಿಸುವವರು ಆ ಮಕ್ಕಳು.

ಮಹಾರಾಷ್ಟ್ರದ ಜತ್, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕಡೆಯ ಕನ್ನಡ ಶಾಲೆಗಳ ಲೆಕ್ಕ ಇನ್ನೊಂದು ಬಗೆಯದು. ಅಲ್ಲಿ ಹೊಸ ಶಿಕ್ಷಕರು ಮೊದಲ ಮೂರು ವರ್ಷ ‘ಶಿಕ್ಷಣ ಸೇವಕ’ರಾಗಿ ಗೌರವಧನಕ್ಕೆ ದುಡಿಯಬೇಕು. 2023ರಲ್ಲಿ ಏರಿಸಿದ ಬಳಿಕವೂ ಅದು ಪ್ರಾಥಮಿಕಕ್ಕೆ 16,000, ಪ್ರೌಢಶಾಲೆಗೆ 18,000, ಕಿರಿಯ ಕಾಲೇಜಿಗೆ 20,000 ರೂಪಾಯಿ. ಆ ಅವಧಿ ಮುಗಿದ ಮೇಲೆ ಪ್ರೌಢಶಾಲೆಯ ಪದವೀಧರ ಶಿಕ್ಷಕರಿಗೆ 38,600 ಮೂಲ ವೇತನದ ಶ್ರೇಣಿ. ಮಹಾರಾಷ್ಟ್ರ ತುಟ್ಟಿಭತ್ಯೆಯಲ್ಲಿ ಕೇಂದ್ರದ ದರವನ್ನೇ ಸ್ವಲ್ಪ ತಡವಾಗಿ ಅನುಸರಿಸುತ್ತದೆ. ಆ 58 ಶೇಕಡಾ ಮತ್ತು ಸಣ್ಣ ಊರಿನ 10 ಶೇಕಡಾ ಬಾಡಿಗೆ ಭತ್ಯೆ ಸೇರಿದರೆ 64,848 ಆಗುತ್ತದೆ. ಗಡಿಯ ಈಚೆಗೆ ಇಂಡಿ ಅಥವಾ ಅಥಣಿಯ ಪ್ರೌಢಶಾಲಾ ಶಿಕ್ಷಕರಿಗೆ 65,958. ಅಂದರೆ ಕಾಯಂ ಆದವರ ಸಂಬಳ ಎರಡೂ ಕಡೆ ಹತ್ತಿರ ಹತ್ತಿರ ಒಂದೇ. ನಿಜವಾದ ನಷ್ಟವಿರುವುದು ಆ ಮೂರು ವರ್ಷಗಳಲ್ಲಿ. ಮನೆಯ ಹೊಣೆ ಹೊತ್ತವರು ಆ ಅವಧಿಯನ್ನು ಹೇಗೆ ಕಳೆಯಬೇಕೆಂದು ಮೊದಲೇ ಯೋಚಿಸಿಕೊಂಡು ಸೇರಬೇಕು.

ಅತಿಥಿ, ಅನುದಾನಿತ ಮತ್ತು ಖಾಸಗಿ

ಸರ್ಕಾರಿ ಪಿಯು ಕಾಲೇಜುಗಳ ಅತಿಥಿ ಉಪನ್ಯಾಸಕರ ಗೌರವಧನವನ್ನು 2025-26ರ ರಾಜ್ಯ ಬಜೆಟ್ 2,000 ರೂಪಾಯಿ ಹೆಚ್ಚಿಸಿತು. ಹಾಗಿದ್ದರೂ ಅದು ಕಾಯಂ ಉಪನ್ಯಾಸಕರ ಸಂಬಳದ ಹತ್ತಿರವೂ ಸುಳಿಯುವುದಿಲ್ಲ, ಊರಿಗನುಗುಣವಾದ ಬಾಡಿಗೆ ಭತ್ಯೆಯೂ ಅದಕ್ಕಿಲ್ಲ. ಪರೀಕ್ಷೆಗೆ ಓದಿಕೊಳ್ಳುತ್ತಾ ಅನುಭವ ಗಳಿಸಲು ಒಂದೆರಡು ವರ್ಷ ಸರಿ. ಅದರ ಮೇಲೆ ಬದುಕನ್ನು ಕಟ್ಟಿಕೊಳ್ಳಲಾಗದು. ಅನುದಾನಿತ ಸಂಸ್ಥೆಗಳಲ್ಲಿ ವೇತನ ಶ್ರೇಣಿ ಸರ್ಕಾರದ್ದೇ ಆದರೂ ಹುದ್ದೆ ನಿಜವಾಗಿ ಅನುದಾನಕ್ಕೆ ಒಳಪಟ್ಟಿದೆಯೇ, ಅನುಮೋದನೆಯ ಆದೇಶ ಬಂದಿದೆಯೇ, ನಿವೃತ್ತಿಯ ಬಳಿಕ ಏನು ಸಿಗುತ್ತದೆ ಎಂಬುದನ್ನು ಲಿಖಿತವಾಗಿ ನೋಡಿಯೇ ಸೇರಬೇಕು. ಆಡಳಿತ ಮಂಡಳಿಯ ಬಾಯಿಮಾತಿನ ಭರವಸೆ ಸಾಲದು.

ಖಾಸಗಿ ಶಾಲೆಗಳ ಸಂಬಳ ಒಂದೇ ಬೀದಿಯಲ್ಲಿ ಎರಡು ಪಟ್ಟು ವ್ಯತ್ಯಾಸವಾಗಬಹುದಾದ್ದರಿಂದ ಪ್ರದೇಶವಾರು ಹೋಲಿಸುವುದು ಕಷ್ಟ. ಬೆಂಗಳೂರು, ಮಂಗಳೂರಿನ ಕೆಲವು ಕಡೆ ಭೌತಶಾಸ್ತ್ರ, ಗಣಿತದ ಅನುಭವಿ ಶಿಕ್ಷಕರಿಗೆ, ಅದರಲ್ಲೂ ನೀಟ್ ಮತ್ತು ಸಿಇಟಿ ತರಬೇತಿ ಕೊಡಬಲ್ಲವರಿಗೆ, ಸರ್ಕಾರಿ ಸಂಬಳಕ್ಕಿಂತ ಹೆಚ್ಚು ಕೊಡುವ ಸಂಸ್ಥೆಗಳಿವೆ. ಭಾಷೆ ಮತ್ತು ಕಲಾ ವಿಷಯಗಳವರಿಗೆ ಆ ಭಾಗ್ಯ ಅಪರೂಪ. ಸಂದರ್ಶನದಲ್ಲಿ ವರ್ಷದ ಒಟ್ಟು ಮೊತ್ತವನ್ನು ಹೇಳಿದರೆ ಅದರಲ್ಲಿ ಸಂಸ್ಥೆಯ ಭವಿಷ್ಯನಿಧಿ ಪಾಲು ಸೇರಿದೆಯೇ, ಬೇಸಿಗೆ ರಜೆಯ ಸಂಬಳ ಕೊಡುತ್ತಾರೆಯೇ ಎಂದು ಕೇಳಿ. ಐದು ವರ್ಷ ಸೇವೆ ಮುಗಿಸಿದ ಖಾಸಗಿ ಶಾಲೆಯ ಶಿಕ್ಷಕರಿಗೂ ಉಪದಾನದ (ಗ್ರಾಚ್ಯುಟಿಯ) ಹಕ್ಕಿದೆ. 2009ರ ತಿದ್ದುಪಡಿ ಇದನ್ನು 1997ರ ಏಪ್ರಿಲ್ 3ರಿಂದಲೇ ಅನ್ವಯವಾಗುವಂತೆ ಮಾಡಿತು, 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಮುಂದಿನ ಎರಡು ವರ್ಷಗಳಲ್ಲಿ ಬದಲಾಗಬಹುದಾದದ್ದು

ಈಗ ಅರ್ಜಿ ಹಾಕುವವರು ಎರಡು ಬೆಳವಣಿಗೆಗಳ ಮೇಲೆ ಕಣ್ಣಿಡಬೇಕು. ಮೊದಲನೆಯದು 8ನೇ ಕೇಂದ್ರ ವೇತನ ಆಯೋಗ. ನ್ಯಾಯಮೂರ್ತಿ ರಂಜನಾ ಪ್ರಕಾಶ್ ದೇಸಾಯಿ ಅವರ ನೇತೃತ್ವದಲ್ಲಿ ಅದು ರಚನೆಯಾಗಿದೆ. ಅದರ ಶಿಫಾರಸು ಜಾರಿಯಾದ ದಿನ ಪಿಜಿಟಿಯ ಮೂಲ ವೇತನ ಏರುತ್ತದೆ, ಮತ್ತು ಮೇಲೆ ಹೇಳಿದ ಸಣ್ಣ ಊರಿನ 1,500 ರೂಪಾಯಿಯ ರಾಜ್ಯದ ಮುನ್ನಡೆ ಅಳಿಸಿಹೋಗುವ ಸಂಭವವೇ ಹೆಚ್ಚು. ಹಾಗೆಯೇ ಕಳೆದ ಆಯೋಗದ ಕಾಲದಲ್ಲಿ ಬಾಡಿಗೆ ಭತ್ಯೆಯ ದರ 30, 20, 10ರಿಂದ 24, 16, 8ಕ್ಕೆ ಇಳಿದದ್ದನ್ನು ನೆನಪಿಟ್ಟುಕೊಂಡರೆ, ಬೆಂಗಳೂರಿನ ಪಿಜಿಟಿಗೆ ಆಗುವ ಹೆಚ್ಚಳ ಉಳಿದ ಊರುಗಳವರ ಹೆಚ್ಚಳಕ್ಕಿಂತ ಶೇಕಡಾವಾರು ಲೆಕ್ಕದಲ್ಲಿ ತುಸು ಕಡಿಮೆ ಇರಬಹುದೆಂದು ಊಹಿಸಬಹುದು.

ಎರಡನೆಯದು ಜನಗಣತಿ. ಊರುಗಳ ವರ್ಗೀಕರಣ ಇಂದಿಗೂ 2011ರ ಗಣತಿಯ ಮೇಲೆಯೇ ನಿಂತಿದೆ. 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡ ಹೊಸ ಗಣತಿಯ ಅಂಕಿಗಳು ಬಂದಾಗ, 2011ರಲ್ಲೇ ನಾಲ್ಕು ಲಕ್ಷ ದಾಟಿದ್ದ ದಾವಣಗೆರೆ ಮತ್ತು ಬಳ್ಳಾರಿ 5 ಲಕ್ಷದ ಗಡಿಯನ್ನು ದಾಟಿ ಮೇಲಿನ ವರ್ಗಕ್ಕೆ ಏರಬಹುದು. ಹಾಗಾದರೆ ಇಂದಿನ ದರದಲ್ಲಿಯೇ ಅಲ್ಲಿನ ಹೊಸ ಉಪನ್ಯಾಸಕರಿಗೆ ತಿಂಗಳಿಗೆ 5,194 ರೂಪಾಯಿ ಹೆಚ್ಚು ಸಿಗುತ್ತದೆ. ಸ್ಥಳ ಆಯ್ಕೆಯ ಕೌನ್ಸೆಲಿಂಗ್‌ನಲ್ಲಿ ಸಮಾನ ದೂರದ ಎರಡು ಊರುಗಳ ನಡುವೆ ತೊಳಲುವವರಿಗೆ ಇದು ಪರಿಗಣಿಸತಕ್ಕ ಅಂಶ.

ಈಗಾಗಲೇ ರಾಜ್ಯ ಸೇವೆಯಲ್ಲಿದ್ದು ಕೇಂದ್ರೀಯ ವಿದ್ಯಾಲಯ ಅಥವಾ ನವೋದಯಕ್ಕೆ ಪ್ರಯತ್ನಿಸುವವರು ಇಲಾಖೆಯ ಮೂಲಕವೇ ಅರ್ಜಿ ಸಲ್ಲಿಸಿ ನಿರಾಕ್ಷೇಪಣಾ ಪತ್ರ ಪಡೆದಿರಬೇಕು. ಅದಿಲ್ಲದೆ ರಾಜೀನಾಮೆ ಕೊಟ್ಟು ಹೋದರೆ ಹಿಂದಿನ ಸೇವೆಯನ್ನು, ತಲುಪಿದ ಮೂಲ ವೇತನವನ್ನು ಹೊಸ ಕಡೆ ಕೇಳುವ ದಾರಿಯೇ ಮುಚ್ಚಿಹೋಗುತ್ತದೆ. ಎಂಟು ವರ್ಷ ಸೇವೆ ಮಾಡಿದ ಉಪನ್ಯಾಸಕರು ಹಾಗೆ ಹೋಗಿ 47,600ರಿಂದ ಮತ್ತೆ ಆರಂಭಿಸಿದರೆ, ಬೆಂಗಳೂರಿನಲ್ಲಿಯೇ ಇದ್ದರೂ ತಿಂಗಳಿಗೆ ಹದಿನೇಳು ಸಾವಿರಕ್ಕೂ ಹೆಚ್ಚು ಬಿಟ್ಟುಕೊಟ್ಟಂತಾಗುತ್ತದೆ.